ಉದ್ದ ಹೊಡೆಯುವವರಿಗಷ್ಟೇ ಚಾಂಪಿಯನ್‌ಷಿಪ್ಪೇ?

ಪ್ರಶ್ನೆ: ನನ್ನ ಮಗಳಿಗೆ ಹದಿನಾರು ವರ್ಷ. ಆರು ವರ್ಷಗಳಿಂದ ಗಾಲ್ಫ್ ಆಡುತ್ತಿದ್ದಾಳೆ. ಅತಿ ಉದ್ದ ಹೊಡೆಯುವ ಕೋಲಾದ ಡ್ರೈವರ್‌ನಲ್ಲಿ 205ರಿಂದ 210 ಗಜ ಹೊಡೆಯುತ್ತಾಳೆ. ಅವಳ ವಯಸ್ಸಿನ ಕೆಲವು ಹುಡುಗಿಯರು 240 ಗಜ ದಾಟುತ್ತಾರೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಡೆದ ಒಂದು ಪಂದ್ಯಾವಳಿಯಲ್ಲಿ, ಇದು ಚಾಂಪಿಯನ್‌ಷಿಪ್ ಮಟ್ಟದ ಅಂಗಳವಾಗಬೇಕು ಎಂದು ಮೊದಲ ಹೊಡೆತದ ಜಾಗಗಳಾದ ಟೀಗಳನ್ನು ಹಿಂದಕ್ಕೆ ಸರಿಸಿದ್ದರು. ಆಟದ ದಾರಿಯ ಎರಡೂ ಬದಿಯ ರಫ್ ಹುಲ್ಲನ್ನು ಶೂ ಮುಳುಗುವಷ್ಟು ಬೆಳೆಸಿದ್ದರು. ಮಗಳು ಮೂರು ದಿನವೂ ನಡುವಿನ ಕತ್ತರಿಸಿದ ಹುಲ್ಲಿನ ದಾರಿಯಾದ ಫೇರ್‌ವೇ ಬಿಟ್ಟು ಹೋಗಿದ್ದು ಅಪರೂಪ. ಕುಳಿಯ ಸುತ್ತಲಿನ ನುಣುಪು ನೆಲವಾದ ಗ್ರೀನ್ ಒಂದರಲ್ಲೂ ಮೂರು ಪಟ್ (ಕುಳಿಯತ್ತ ಉರುಳಿಸುವ ಹೊಡೆತ) ತೆಗೆದುಕೊಳ್ಳಲಿಲ್ಲ. ಆದರೂ ಹದಿನೇಳನೆಯವಳಾದಳು. ಗೆದ್ದ ಹುಡುಗಿ ಅರ್ಧದಷ್ಟು ಫೇರ್‌ವೇಗಳನ್ನೂ ಹಿಡಿದಿರಲಿಲ್ಲ. ಮುಂದಿನ ಚಳಿಗಾಲದಲ್ಲಿ ನಮ್ಮ ಕ್ಲಬ್‌ನಲ್ಲಿಯೇ ಕಿರಿಯರ ಪಂದ್ಯಾವಳಿ ಇದೆ, ನಾನು ಅಂಗಳ ಸಮಿತಿಯಲ್ಲಿದ್ದೇನೆ. ಸಮಿತಿಯಲ್ಲಿ ಅರ್ಧ ಜನ ‘ರಫ್ ಬೆಳೆಸೋಣ’ ಎನ್ನುತ್ತಾರೆ, ಇನ್ನರ್ಧ ಜನ ‘ಗ್ರೀನ್ ವೇಗ ಹೆಚ್ಚಿಸಿ ಪಿನ್‌ಗಳನ್ನು, ಎಂದರೆ ಕುಳಿಯ ಬಾವುಟಗಳನ್ನು, ಕಷ್ಟದ ಜಾಗದಲ್ಲಿ ಇಡೋಣ’ ಎನ್ನುತ್ತಾರೆ. ಚಾಂಪಿಯನ್‌ಷಿಪ್ ಅಂಗಳ ನಿಜವಾಗಿ ಯಾವ ಕೌಶಲ ಪರೀಕ್ಷಿಸಬೇಕು? ಮಗಳಿಗೆ ನಾನು ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಆ ಅಂಗಳ ನ್ಯಾಯವಾಗಿತ್ತೇ ಎಂಬುದು ಒಂದು. ಮಗಳ ಆಟಕ್ಕೆ ದೊಡ್ಡ ಪಂದ್ಯದಲ್ಲಿ ಬೆಲೆ ಇದೆಯೇ ಎಂಬುದು ಇನ್ನೊಂದು, ಮತ್ತು ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಇದೇ ಇರಬೇಕು. ಮೊದಲನೆಯದನ್ನು ಬಿಡಿಸಿಕೊಂಡರೆ ಎರಡನೆಯದಕ್ಕೆ ದಾರಿ ತಾನಾಗಿ ಕಾಣುತ್ತದೆ. ಪಂದ್ಯಗಳಿಗೆ ಅಂಗಳ ಸಿದ್ಧಪಡಿಸುವುದೇ ನನ್ನ ಕೆಲಸ. ಟೀ ಎಲ್ಲಿರಬೇಕು, ಹುಲ್ಲು ಎಷ್ಟಿರಬೇಕು, ಕುಳಿ ಎಲ್ಲಿ ಕೊರೆಯಬೇಕು ಎಂಬುದರಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ.

ರಫ್‌ನಿಂದಲೇ ಶುರು ಮಾಡೋಣ. ಎಲ್ಲರೂ ನಂಬಿರುವ ಮಾತೆಂದರೆ, ‘ಹುಲ್ಲು ದಟ್ಟವಾಗಿದ್ದರೆ ನೇರವಾಗಿ ಹೊಡೆಯುವವರು ಗೆಲ್ಲುತ್ತಾರೆ’ ಎಂಬುದು. ಕೇಳುವುದಕ್ಕೆ ಸರಿಯಾಗಿದೆ. ಹುಲ್ಲಿನ ನಡುವೆ ನಿಂತು ಲೆಕ್ಕ ಹಾಕಿದರೆ ಮಾತು ತಿರುಗಿಬೀಳುತ್ತದೆ. 350 ಗಜದ ಒಂದು ಪಾರ್ ನಾಲ್ಕು, ಎಂದರೆ ನಾಲ್ಕು ಹೊಡೆತದಲ್ಲಿ ಚೆಂಡು ಕುಳಿ ಸೇರಬೇಕೆಂದು ನಿಗದಿಯಾದ ಹೋಲ್, ತೆಗೆದುಕೊಳ್ಳಿ. 240 ಗಜ ಹೊಡೆಯುವ ಹುಡುಗಿಗೆ ಉಳಿಯುವುದು 110 ಗಜ. ನಿಮ್ಮ ಮಗಳಿಗೆ 140 ಗಜ. ಇಬ್ಬರ ಚೆಂಡೂ ರಫ್‌ಗೆ ಹೋಯಿತು ಎಂದುಕೊಳ್ಳಿ. ಮೊದಲನೆಯವಳ ಕೈಯಲ್ಲಿ ವೆಜ್ ಇದೆ. ಅದರ ಮುಖ ಮೇಲಕ್ಕೆ ತೆರೆದಿರುತ್ತದೆ, ತಲೆ ಭಾರ. ಹುಲ್ಲನ್ನು ಕತ್ತರಿಸಿಕೊಂಡು ಹೋಗಿ ಚೆಂಡನ್ನು ಹೇಗೋ ಗ್ರೀನ್ ಬಳಿ ಎತ್ತಿಹಾಕುತ್ತದೆ. ನಿಮ್ಮ ಮಗಳಿಗೆ ಬೇಕಾಗುವುದು ಹೆಚ್ಚು ದೂರದ ಕೋಲುಗಳಾದ ಹೈಬ್ರಿಡ್ ಅಥವಾ ಐದು, ಆರು ನಂಬರಿನ ಐರನ್. ಹುಲ್ಲು ಅದರ ಕತ್ತನ್ನು ಹಿಡಿದು ತಿರುಚುತ್ತದೆ. ಅವಳು ಫೇರ್‌ವೇಗೆ ಮರಳುವುದೊಂದೇ ದಾರಿ. ಎಂದರೆ ದಟ್ಟ ರಫ್ ಇಬ್ಬರಿಗೂ ಒಂದೇ ಶಿಕ್ಷೆ ಕೊಡುವುದಿಲ್ಲ. ಬಲ ಇಲ್ಲದವರಿಗೆ ಹೆಚ್ಚು ಕೊಡುತ್ತದೆ. ಜೊತೆಗೆ ಫೇರ್‌ವೇಯನ್ನು ಇಪ್ಪತ್ತೆರಡು ಗಜಕ್ಕೆ ಕಿರಿದು ಮಾಡಿಬಿಟ್ಟರೆ ನೇರವಾಗಿ ಹೊಡೆಯುವವರೂ ಆಗಾಗ ತಪ್ಪುತ್ತಾರೆ. ಆಗ ಉದ್ದ ಹೊಡೆಯುವ ಹುಡುಗಿಗೆ ಅನ್ನಿಸುವುದೇನು? ‘ಹೇಗಿದ್ದರೂ ತಪ್ಪುತ್ತದೆ, ತಪ್ಪುವುದಾದರೆ ಹತ್ತಿರ ಹೋಗಿ ತಪ್ಪೋಣ.’

ಇದು ಕಿರಿಯರ ಪಂದ್ಯಕ್ಕೆ ಮಾತ್ರ ಸೇರಿದ ವಿಷಯವಲ್ಲ. 2020ರಲ್ಲಿ ನ್ಯೂಯಾರ್ಕ್ ಬಳಿಯ ವಿಂಗ್ಡ್ ಫುಟ್ ಅಂಗಳದಲ್ಲಿ ಅಮೆರಿಕದ ಯುಎಸ್ ಓಪನ್ ನಡೆಯಿತು. ರಫ್‌ನ ಕಾಠಿಣ್ಯಕ್ಕೆ ಹೆಸರಾದ ಜಾಗ. 1974ರಲ್ಲಿ ಇಲ್ಲಿ ಹೇಲ್ ಇರ್ವಿನ್ ಪಾರ್‌ಗಿಂತ ಏಳು ಹೆಚ್ಚು ಹೊಡೆದು ಗೆದ್ದಿದ್ದರು ಎಂದರೆ ಊಹಿಸಿಕೊಳ್ಳಿ. 2020ರಲ್ಲಿ ಬ್ರೈಸನ್ ಡಿಶಾಂಬೊ ನಾಲ್ಕು ದಿನದ 56 ಫೇರ್‌ವೇಗಳಲ್ಲಿ ಹಿಡಿದದ್ದು ಬರೇ 23. ಆದರೂ ಪಾರ್‌ಗಿಂತ ಆರು ಕಡಿಮೆ ಹೊಡೆದು ಗೆದ್ದರು. ಉಳಿದವರಲ್ಲಿ ಒಬ್ಬರೂ ಪಾರ್‌ನ ಕೆಳಗೆ ಮುಗಿಸಲಿಲ್ಲ. ಡಿಶಾಂಬೊ ಅವರ ಗೆಲುವಿನಲ್ಲಿ ಚೆಂದದ ವೆಜ್ ಆಟ, ಪಟ್ ಎಲ್ಲವೂ ಇತ್ತು, ಅದನ್ನು ಕಡೆಗಣಿಸಬಾರದು. ಆದರೆ ರಫ್ ಬೆಳೆಸಿದ ಉದ್ದೇಶ ಏನಿತ್ತೋ ಅದು ಈಡೇರಲಿಲ್ಲ.

ನಾನೂ ಈ ತಪ್ಪು ಮಾಡಿದ್ದೇನೆ. ಹಲವು ವರ್ಷಗಳ ಹಿಂದೆ ಒಂದು ಪಂದ್ಯಕ್ಕೆ ಬರ್ಮುಡಾ ಹುಲ್ಲನ್ನು ನಾಲ್ಕು ಅಂಗುಲಕ್ಕೆ ಬಿಟ್ಟೆ. ನಮ್ಮ ಕಡೆಯ ಬರ್ಮುಡಾ ರಫ್‌ನ ಸ್ವಭಾವ ನೀವು ಬಲ್ಲಿರಿ. ಚೆಂಡು ಹುಲ್ಲಿನ ಮೇಲೆ ಕೂರುವುದಿಲ್ಲ, ಬುಡಕ್ಕೆ ಇಳಿಯುತ್ತದೆ. ಪಂದ್ಯದ ಹಿಂದಿನ ಸಂಜೆ ಸೊಂಟದ ಎತ್ತರದಿಂದ ಹತ್ತು ಚೆಂಡುಗಳನ್ನು ಬಿಟ್ಟು ನೋಡಿದೆ. ಎಂಟು ಕಣ್ಣಿಗೆ ಕಾಣದಂತೆ ಮುಳುಗಿದವು. ಆಗಲೇ ಕತ್ತರಿಸಬೇಕಿತ್ತು. ಕತ್ತರಿಸಲಿಲ್ಲ. ಮಾರನೆಯ ದಿನ ಆಟಗಾರರು, ಅವರ ಚೀಲ ಹೊರುವ ಕ್ಯಾಡಿಗಳು, ರೆಫರಿಗಳು ಎಲ್ಲರೂ ಚೆಂಡು ಹುಡುಕುತ್ತಾ ಬಗ್ಗಿ ನಡೆದರು. ಒಂದು ಸುತ್ತಿಗೆ ಆರು ಗಂಟೆ ಹಿಡಿಯಿತು. ಸಂಜೆ ಅಂಕಪಟ್ಟಿ ನೋಡಿದರೆ, ಆ ಅಂಗಳದಲ್ಲಿ ಅತ್ಯಂತ ಚೆನ್ನಾಗಿ ಐರನ್ ಆಡುವ ಇಬ್ಬರು ಎಲ್ಲೋ ಮಧ್ಯದಲ್ಲಿದ್ದರು. ರಫ್‌ನಿಂದ ಹೊರಗೆಸೆಯುವ ಹೊಡೆತ ಹದಿನೆಂಟು ಹ್ಯಾಂಡಿಕ್ಯಾಪ್‌ನ ಸಾಧಾರಣ ಆಟಗಾರನಿಗೂ ಬರುತ್ತದೆ. ಶ್ರೇಷ್ಠ ಆಟಗಾರನಿಗೂ ಸಾಮಾನ್ಯನಿಗೂ ವ್ಯತ್ಯಾಸ ತೋರಿಸದ ಪ್ರಶ್ನೆಯನ್ನು ನಾನು ಹದಿನೆಂಟು ಸಲ ಕೇಳಿದ್ದೆ.

ಹಾಗಾದರೆ ವ್ಯತ್ಯಾಸ ತೋರುವುದು ಎಲ್ಲಿ? ಇದಕ್ಕೆ ಈಗ ಊಹೆ ಬೇಕಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಅವರು ಅಮೆರಿಕದ ವೃತ್ತಿಪರರ ಪಿಜಿಎ ಟೂರ್‌ನ ಲಕ್ಷಾಂತರ ಹೊಡೆತಗಳ ದಾಖಲೆಯನ್ನು ಜಾಲಾಡಿದರು. ಅಗ್ರ ಆಟಗಾರರು ಉಳಿದವರಿಗಿಂತ ಮುಂದಿರುವುದರಲ್ಲಿ ನೂರಕ್ಕೆ ಸುಮಾರು 40 ಪಾಲು ಗ್ರೀನ್‌ಗೆ ಹೊಡೆಯುವ ಅಪ್ರೋಚ್‌ನಿಂದ ಬರುತ್ತದೆ, 28 ಪಾಲು ಟೀ ಹೊಡೆತದಿಂದ, 17 ಪಾಲು ನೂರು ಗಜದ ಒಳಗಿನ ಆಟದಿಂದ, 15 ಪಾಲು ಪಟ್‌ನಿಂದ. ಡ್ರೈವ್ ಶೋಕಿಗೆ, ಪಟ್ ದುಡ್ಡಿಗೆ ಎಂದು ಕ್ಯಾಡಿಗಳ ಬಾಯಲ್ಲೂ ಕೇಳುವ ಮಾತಿಗೆ ಈ ಲೆಕ್ಕ ಒಪ್ಪುವುದಿಲ್ಲ. ಒಂದು ವಾರದ ಗೆಲುವಿನಲ್ಲಿ ಪಟ್‌ನ ಪಾಲು ಏರುತ್ತದೆ, ನಿಜ. ಆದರೆ ವರ್ಷವಿಡೀ ಮೇಲೆ ಇರುವವರನ್ನು ಅಲ್ಲಿ ಇಡುವುದು ಅಪ್ರೋಚ್. ಮೂರು ಪಟ್ ಇಲ್ಲದೆ ಮೂರು ದಿನ ಆಡಿಯೂ ನಿಮ್ಮ ಮಗಳು ಹದಿನೇಳನೆಯವಳಾದದ್ದಕ್ಕೆ ಕಾರಣ ಬಹುಶಃ ಇಲ್ಲಿಯೇ ಇದೆ. ಅವಳ ಎರಡನೇ ಹೊಡೆತಗಳು ಗ್ರೀನ್ ಮುಟ್ಟಿದವೇ, ಮುಟ್ಟಿದರೆ ಪಿನ್‌ನಿಂದ ಎಷ್ಟು ದೂರದಲ್ಲಿ ನಿಂತವು ಎಂದು ಅವಳನ್ನೇ ಕೇಳಿ.

ಉದ್ದ ಹೊಡೆಯುವುದೂ ಒಂದು ಕೌಶಲ, ಅದನ್ನು ಹಳಿಯಬಾರದು. ವೇಗದ ಸ್ವಿಂಗ್‌ನಲ್ಲಿ ಚೆಂಡಿನ ಮಧ್ಯಕ್ಕೆ ಹೊಡೆಯುವುದು ವರ್ಷಗಳ ದುಡಿಮೆಯಿಂದ ಬಂದದ್ದು. ಅಂಗಳ ಅದಕ್ಕೆ ಬಹುಮಾನ ಕೊಡಲೇಬೇಕು. ಅದಕ್ಕೆ ಮಾತ್ರ ಕೊಟ್ಟರೆ ತಪ್ಪು, ಅದನ್ನು ಕೇಳದೇ ಹೋದರೂ ತಪ್ಪು. ದೆಹಲಿ ಗಾಲ್ಫ್ ಕ್ಲಬ್ ಉದಾಹರಣೆಯಾಗಿ ನನ್ನ ಮನಸ್ಸಿಗೆ ಬರುತ್ತದೆ. ಫೇರ್‌ವೇಯ ಎರಡೂ ಬದಿ ಮುಳ್ಳುಪೊದೆ. 2025ರ ಅಕ್ಟೋಬರ್‌ನಲ್ಲಿ ಅಲ್ಲಿ ಡಿಪಿ ವರ್ಲ್ಡ್ ಇಂಡಿಯಾ ಚಾಂಪಿಯನ್‌ಷಿಪ್ ನಡೆದಾಗ, ಜಗತ್ತಿನಲ್ಲೇ ಅತ್ಯುತ್ತಮ ಡ್ರೈವರ್ ಆಟಗಾರರಲ್ಲಿ ಒಬ್ಬರಾದ ರೋರಿ ಮೆಕಿಲ್‌ರಾಯ್ ಡ್ರೈವರ್ ಬಳಸದಿರಲು ನಿರ್ಧರಿಸಿದರು. ಐರನ್ ಆಟಕ್ಕೆ ಹೆಸರಾದ ಟಾಮಿ ಫ್ಲೀಟ್‌ವುಡ್ ಗೆದ್ದರು. ಆ ಅಂಗಳ ನನಗೆ ತುಂಬಾ ಇಷ್ಟ. ಆದರೂ ಒಬ್ಬ ಆಟಗಾರನ ಅತ್ಯುತ್ತಮ ಹೊಡೆತವನ್ನು ವಾರವಿಡೀ ಕೇಳದ ಪರೀಕ್ಷೆಯನ್ನು ಸಂಪೂರ್ಣ ಎನ್ನಲಾರೆ. ಚೀಲದಲ್ಲಿ ಹದಿನಾಲ್ಕು ಕೋಲು ಇಡಲು ನಿಯಮ ಬಿಡುತ್ತದೆ. ಮೂರು ದಿನದ ಪಂದ್ಯದಲ್ಲಿ ಹೆಚ್ಚುಕಡಿಮೆ ಅಷ್ಟನ್ನೂ ಹೊರಗೆ ತೆಗೆಯುವಂತೆ ಆದರೆ ಅಂಗಳ ಚೆನ್ನಾಗಿದೆ ಎಂದು ನಾನು ತಿಳಿಯುತ್ತೇನೆ.

ಟೀ ಹಿಂದಕ್ಕೆ ಸರಿಸುವ ಬಗ್ಗೆ ಹೆಚ್ಚು ಹೇಳುವುದಿಲ್ಲ. 2013ರ ಯುಎಸ್ ಓಪನ್ ನಡೆದ ಮೇರಿಯನ್ ಅಂಗಳ ಏಳು ಸಾವಿರ ಗಜವನ್ನೂ ಮುಟ್ಟಿರಲಿಲ್ಲ. ಗೆದ್ದ ಜಸ್ಟಿನ್ ರೋಸ್ ಪಾರ್‌ಗಿಂತ ಒಂದು ಹೆಚ್ಚು ಹೊಡೆದಿದ್ದರು. ಉದ್ದ ಮಾತ್ರವೇ ಕಷ್ಟವಲ್ಲ.

ಒಳ್ಳೆಯ ಅಪ್ರೋಚ್ ಅನ್ನು ಸಾಧಾರಣದಿಂದ ಬೇರ್ಪಡಿಸುವ ಅತ್ಯುತ್ತಮ ಸಾಧನ ಯಾವುದೆಂದರೆ ಗಟ್ಟಿ ನೆಲ. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಸಾಲದು. ಮಳೆ ಕುಡಿದ ಮೆತ್ತನೆಯ ಗ್ರೀನ್ ಮೇಲೆ ಯಾವ ಹೊಡೆತ ಬಿದ್ದರೂ ಬಿದ್ದಲ್ಲೇ ಕೂರುತ್ತದೆ. ಫೇರ್‌ವೇಯ ಎಡದಿಂದ ಬಂದರೇನು, ಬಲದಿಂದ ಬಂದರೇನು, ಯಾವ ವ್ಯತ್ಯಾಸವೂ ಇಲ್ಲ. ಅದೇ ಗ್ರೀನ್ ಗಟ್ಟಿಯಾದರೆ ಎಲ್ಲವೂ ಬದಲಾಗುತ್ತದೆ. ಬಂಕರ್‌ನ (ಮರಳುಗುಂಡಿಯ) ಆಚೆ ಪಿನ್ ಇದ್ದಾಗ ಬಂಕರ್ ಮೇಲಿಂದ ಬಂದ ಚೆಂಡು ಗ್ರೀನ್ ದಾಟಿ ಓಡುತ್ತದೆ. ತೆರೆದ ಬದಿಯಿಂದ ಬಂದದ್ದು ಗ್ರೀನ್ ಮುಂದೆ ಒಂದು ಪುಟಿದು, ಉರುಳಿ, ಪಿನ್ ಬಳಿ ನಿಲ್ಲುತ್ತದೆ. ಆಗ ಪರೀಕ್ಷೆ ಟೀಯಿಂದಲೇ ಆರಂಭವಾಗುತ್ತದೆ. ಫೇರ್‌ವೇ ಹಿಡಿದರೆ ಸಾಲದು, ಫೇರ್‌ವೇಯ ಸರಿಯಾದ ಬದಿಯನ್ನು ಹಿಡಿಯಬೇಕು. ಎತ್ತರ, ಚೆಂಡಿನ ತಿರುಗು (ಸ್ಪಿನ್), ಇಳಿಯುವ ಕೋನ, ಎಲ್ಲವನ್ನೂ ಆಟಗಾರ ಯೋಚಿಸಬೇಕಾಗುತ್ತದೆ.

2006ರ ಬ್ರಿಟಿಷ್ ಓಪನ್‌ನಲ್ಲಿ ಇಂಗ್ಲೆಂಡಿನ ರಾಯಲ್ ಲಿವರ್‌ಪೂಲ್ ಅಂಗಳ ಬಿಸಿಲಿಗೆ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಚೆಂಡು ಎಲ್ಲೆಂದರಲ್ಲಿ ಓಡಿ ಫೇರ್‌ವೇ ಬಂಕರ್‌ಗಳಿಗೆ ಬೀಳುತ್ತಿತ್ತು. ಟೈಗರ್ ವುಡ್ಸ್ 72 ಹೋಲ್‌ಗಳಲ್ಲಿ ಡ್ರೈವರ್ ಹೊಡೆದದ್ದು ಒಂದೇ ಸಲ. ಟೀಯಿಂದ ಐರನ್‌ನಲ್ಲಿ ಬಂಕರ್‌ಗಳನ್ನು ಮುಟ್ಟುವ ಮೊದಲೇ ಚೆಂಡು ನಿಲ್ಲಿಸಿ, ಅಲ್ಲಿಂದ ಉದ್ದದ ಐರನ್ ಹೊಡೆದು ಗ್ರೀನ್ ಹಿಡಿದರು. ಪಾರ್‌ಗಿಂತ 18 ಕಡಿಮೆ. ಅಲ್ಲಿ ಡ್ರೈವರ್ ಹೊಡೆಯಲು ಯಾರಿಗೂ ಅಡ್ಡಿ ಇರಲಿಲ್ಲ. ಹೊಡೆಯಬೇಕೇ ಬೇಡವೇ ಎಂಬ ತೀರ್ಮಾನ ಆಟಗಾರನದಾಗಿತ್ತು. ದೆಹಲಿಗೂ ಇದಕ್ಕೂ ಇರುವ ವ್ಯತ್ಯಾಸ ಅದು.

ಇನ್ನೊಂದು ಜಾಗವನ್ನು ನೀವು ಸಮಿತಿಯ ಮುಂದೆ ಇಡಲೇಬೇಕು. ನಾರ್ತ್ ಕ್ಯಾರೊಲೈನಾದ ಪೈನ್‌ಹರ್ಸ್ಟ್ ಎರಡನೇ ಅಂಗಳ. ಡೊನಾಲ್ಡ್ ರಾಸ್ ರೂಪಿಸಿದ್ದು. ಗ್ರೀನ್‌ಗಳು ಕವುಚಿ ಹಾಕಿದ ಬೋಗುಣಿಯಂತೆ, ಮಧ್ಯ ಉಬ್ಬಿ ಅಂಚು ಇಳಿಜಾರು. ಹಿಂದೆ ಅಲ್ಲೂ ದಟ್ಟ ರಫ್ ಇತ್ತು. ಅಂಗಳ ವಿನ್ಯಾಸಕರಾದ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಷಾ ಅದನ್ನೆಲ್ಲ ಕಿತ್ತು ಹಾಕಿ ಮರಳು, ಕಾಡುಹುಲ್ಲಿನ ಗೊಂಚಲುಗಳನ್ನು ಹಾಗೇ ಬಿಟ್ಟರು, ಫೇರ್‌ವೇಗಳನ್ನು ಅಗಲ ಮಾಡಿದರು. 2014ರಲ್ಲಿ ಅಲ್ಲಿ ರಫ್ ಇಲ್ಲದೆಯೇ ಯುಎಸ್ ಓಪನ್ ನಡೆಯಿತು. ಎಲ್ಲರೂ ಸುಲಭವಾಗಿ ಪಾರ್‌ನ ಕೆಳಗೆ ಹೊಡೆಯುತ್ತಾರೆ ಎಂಬ ಭಯವಿತ್ತು. ಕೊನೆಗೆ ಪಾರ್‌ನ ಕೆಳಗೆ ಮುಗಿಸಿದವರು ಮೂವರೇ. ಗೆದ್ದ ಮಾರ್ಟಿನ್ ಕೈಮರ್ ಗ್ರೀನ್ ತಪ್ಪಿದಾಗೆಲ್ಲ ವೆಜ್ ಬಿಟ್ಟು ಪಟರ್ ಹಿಡಿದು ಇಳಿಜಾರು ಹತ್ತಿಸುತ್ತಿದ್ದರು. ಬೇರೆಯವರು ಎತ್ತಿ ಹೊಡೆದರು, ಉರುಳಿಸಿದರು, ದಿಬ್ಬಕ್ಕೆ ಬಡಿಸಿದರು. ಹುಲ್ಲು ಚಿಕ್ಕದಿದ್ದುದರಿಂದಲೇ ಒಂದು ಹೊಡೆತಕ್ಕೆ ನಾಲ್ಕು ದಾರಿಗಳಿದ್ದವು, ನಾಲ್ಕರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು.

ಮರುವಾರವೇ ಅದೇ ಅಂಗಳದಲ್ಲಿ ಮಹಿಳೆಯರ ಯುಎಸ್ ಓಪನ್. ಇದು ನಿಮ್ಮ ಮಗಳಿಗೆ ನೇರವಾಗಿ ಸಂಬಂಧಿಸಿದ್ದು. ಅಂಗಳವನ್ನು ಸುಮಾರು ಒಂಬೈನೂರು ಗಜ ಕಡಿಮೆ ಮಾಡಿದರು. ಗಂಡಸರು ಎಂಟು ನಂಬರಿನ ಐರನ್ ಹಿಡಿದಲ್ಲಿ ಹೆಂಗಸರೂ ಅಂಥದ್ದನ್ನೇ ಹಿಡಿಯುವಂತಾಗಲಿ ಎಂಬುದು ಉದ್ದೇಶ. ಮಿಶೆಲ್ ವೀ ಪಾರ್‌ಗಿಂತ ಎರಡು ಕಡಿಮೆ ಹೊಡೆದು ಗೆದ್ದರು. ಪಾರ್‌ನ ಕೆಳಗೆ ಮುಗಿಸಿದವರು ಅವರೊಬ್ಬರೇ. ಟೀ ಮುಂದಕ್ಕೆ ತಂದರೆ ಪರೀಕ್ಷೆ ಸಡಿಲವಾಗುತ್ತದೆ ಎನ್ನುವವರಿಗೆ ಇದನ್ನು ತೋರಿಸಿ.

ಇನ್ನು ಸಮಿತಿಯ ಎರಡನೇ ಗುಂಪಿನ ಮಾತು, ಗ್ರೀನ್ ವೇಗ ಮತ್ತು ಪಿನ್. ಇದು ರಫ್‌ಗಿಂತ ಒಳ್ಳೆಯ ದಾರಿ, ಆದರೆ ಕೈ ಜಾರಿದರೆ ಇದರಿಂದ ಆಗುವ ಅನಾಹುತವೇ ದೊಡ್ಡದು. ನಿಮ್ಮಲ್ಲಿ ಸ್ಟಿಂಪ್‌ಮೀಟರ್ ಇರಬಹುದು. ಮೂರು ಅಡಿ ಉದ್ದದ ಅಲ್ಯೂಮಿನಿಯಂ ಪಟ್ಟಿ, ನಡುವೆ ಇಂಗ್ಲಿಷಿನ ವಿ ಆಕಾರದ ಕಾಲುವೆ. ಚೆಂಡನ್ನು ಅದರ ಗುಳಿಯಲ್ಲಿಟ್ಟು ನಿಧಾನವಾಗಿ ಎತ್ತುತ್ತಾ ಹೋದರೆ ಒಂದು ಹಂತದಲ್ಲಿ ಚೆಂಡು ತಾನಾಗಿ ಇಳಿದು ಉರುಳುತ್ತದೆ. ಹೋಗುವ ದಿಕ್ಕಿಗೆ ಮೂರು, ಬರುವ ದಿಕ್ಕಿಗೆ ಮೂರು, ಸರಾಸರಿ ಅಡಿಗಳೇ ಗ್ರೀನ್‌ನ ವೇಗ. ಒಂಬತ್ತು ಅಡಿಯ ವೇಗದಲ್ಲಿ ಸೊಗಸಾಗಿ ಆಡಬಹುದಾದ ಇಳಿಜಾರು ಹನ್ನೆರಡರಲ್ಲಿ ಆಡಲು ಬರುವುದಿಲ್ಲ. ಚೆಂಡು ನಿಲ್ಲುವುದೇ ಇಲ್ಲ. 2004ರಲ್ಲಿ ಶಿನ್ನೆಕಾಕ್ ಹಿಲ್ಸ್ ಅಂಗಳದಲ್ಲಿ ನಡೆದ ಯುಎಸ್ ಓಪನ್‌ನ ಕೊನೆಯ ದಿನ ಏಳನೇ ಗ್ರೀನ್ ಹೀಗೆಯೇ ಆಯಿತು. ಬೆಳಿಗ್ಗೆ ಬಂದವರು ಚೆಂಡನ್ನು ಅದರ ಮೇಲೆ ನಿಲ್ಲಿಸಲಾರದೆ ಹೋದರು. ಆಮೇಲೆ ಗುಂಪು ಗುಂಪಿನ ನಡುವೆ ಗ್ರೀನ್‌ಗೆ ನೀರು ಹೊಡೆಯಬೇಕಾಯಿತು. ಬೆಳಗಿನವರಿಗೆ ಒಂದು ಪ್ರಶ್ನೆಪತ್ರಿಕೆ, ಮಧ್ಯಾಹ್ನದವರಿಗೆ ಇನ್ನೊಂದು. ಚಾಂಪಿಯನ್‌ಷಿಪ್‌ಗೆ ಇದಕ್ಕಿಂತ ದೊಡ್ಡ ಕಳಂಕವಿಲ್ಲ.

ಅದೃಷ್ಟದ ಬಗ್ಗೆಯೂ ಒಂದು ಮಾತು ಬೇಕು. ಗಟ್ಟಿ ನೆಲದಲ್ಲಿ ಕೆಟ್ಟ ಪುಟಿತ ಬರುತ್ತದೆ, ಗಾಳಿ ದಿಕ್ಕು ಬದಲಿಸುತ್ತದೆ. ಅದೂ ಆಟವೇ. ಅದನ್ನು ನುಂಗಿಕೊಂಡು ಮುಂದಿನ ಹೊಡೆತಕ್ಕೆ ಮನಸ್ಸು ತರುವುದೂ ಕೌಶಲವೇ. ಆದರೆ ಒಳ್ಳೆಯ ಹೊಡೆತಕ್ಕೆ ಪದೇಪದೇ ಕೆಟ್ಟ ಫಲ ಬರುತ್ತಿದ್ದರೆ ದೋಷ ಸಿದ್ಧಪಡಿಸಿದವರದು. ಸ್ಕಾಟ್ಲೆಂಡಿನ ಕಾರ್ನೂಸ್ಟಿಯಲ್ಲಿ 1999ರ ಬ್ರಿಟಿಷ್ ಓಪನ್‌ಗೆ ಕಿರಿದಾದ ಫೇರ್‌ವೇ, ಕಾಡಿನಂಥ ರಫ್. ಪಾಲ್ ಲಾರಿ ಗೆದ್ದದ್ದು ಪಾರ್‌ಗಿಂತ ಆರು ಹೆಚ್ಚಿಗೆ, ಅದೂ ಸಮಬಲವಾದವರ ನಡುವಿನ ಪ್ಲೇಆಫ್‌ನಲ್ಲಿ. 2007ರಲ್ಲಿ ಅದೇ ಅಂಗಳದ ಸಿದ್ಧತೆಯನ್ನು ಹದಕ್ಕೆ ತಂದರು. ಪಾಡ್ರೇಗ್ ಹ್ಯಾರಿಂಗ್ಟನ್ ಏಳು ಕಡಿಮೆಗೆ, ಅವರೂ ಪ್ಲೇಆಫ್‌ನಲ್ಲೇ ಗೆದ್ದರು. ಗೆದ್ದವರ ಅಂಕ ಪಾರ್ ಹತ್ತಿರ ಇರಬೇಕೆಂಬ ಹಟ ಸಮಿತಿಗಳಲ್ಲಿ ಬಹಳ. ಆ ಹಟ ಬಿಡಿಸಿ. ಎಷ್ಟು ಅಂಕಕ್ಕೆ ಗೆದ್ದರು ಎಂಬುದಕ್ಕಿಂತ ಯಾರು ಮೇಲೆ ಬಂದರು, ಹೇಗೆ ಆಡಿ ಬಂದರು ಎಂದು ನೋಡಿ.

ನಿಮ್ಮ ಕ್ಲಬ್‌ಗೆ ನಾನಾದರೆ ಹೀಗೆ ಮಾಡುತ್ತೇನೆ. ರಫ್ ಎರಡು ಅಂಗುಲ, ಹೆಚ್ಚೆಂದರೆ ಎರಡೂವರೆ. ಚೆಂಡಿನ ತಲೆ ಕಾಣಬೇಕು, ತಿರುಗಿನ ಮೇಲೆ ಹಿಡಿತ ತಪ್ಪಬೇಕು, ಅಷ್ಟೇ. ಗಟ್ಟಿ ಗ್ರೀನ್‌ಗೆ ತಿರುಗಿಲ್ಲದ ಚೆಂಡು ನಿಲ್ಲುವುದಿಲ್ಲವಾದ್ದರಿಂದ ಫೇರ್‌ವೇ ಹಿಡಿದವಳಿಗೆ ನ್ಯಾಯ ಸಿಗುತ್ತದೆ, ತಪ್ಪಿದವಳಿಗೂ ಒಂದು ಸಾಹಸದ ಅವಕಾಶ ಉಳಿಯುತ್ತದೆ. ಚಳಿಗಾಲದಲ್ಲಿ ಪಂದ್ಯ ಎಂದಿದ್ದೀರಿ, ಅದೇ ನಿಮ್ಮ ಪುಣ್ಯ. ಮಳೆ ನಿಂತ ಮೇಲೆ ನೀರು ಕಡಿಮೆ ಮಾಡಿ ನೆಲ ಗಟ್ಟಿ ಮಾಡಲು ಸಮಯ ಸಿಗುತ್ತದೆ. ಆದರೆ ಅಪಾಯ ತಿಳಿದಿರಲಿ: ಬರ್ಮುಡಾ ಬಾಯಾರಿದರೆ ಎರಡೇ ದಿನದಲ್ಲಿ ಬೂದುಬಣ್ಣಕ್ಕೆ ತಿರುಗುತ್ತದೆ, ಗ್ರೀನ್ ಸತ್ತರೆ ಸದಸ್ಯರು ವರ್ಷವಿಡೀ ನಿಮ್ಮನ್ನು ಬಿಡುವುದಿಲ್ಲ. ಹಿರಿಯ ಮಾಲಿಯ ಮಾತು ಕೇಳದೆ ನೀರು ನಿಲ್ಲಿಸಬೇಡಿ. ಹುಲ್ಲಿನ ಮೇಲೆ ಅವನ ಹೆಜ್ಜೆಗುರುತು ಏಳದೆ ಉಳಿಯುತ್ತಿದೆಯೇ ಎಂದು ಅವನು ಬೆಳಿಗ್ಗೆಯೇ ನೋಡಿರುತ್ತಾನೆ. ಗ್ರೀನ್ ವೇಗ ಹತ್ತು ಅಡಿಯ ಸುತ್ತ ಸಾಕು.

ಪಿನ್ ಇಡುವುದನ್ನು ಸಮಿತಿಯ ಸಭೆಯಲ್ಲಿ ತೀರ್ಮಾನಿಸಬೇಡಿ. ಗ್ರೀನ್ ಮೇಲೆ ಹೋಗಿ ತೀರ್ಮಾನಿಸಿ. ಅಂಚಿನಿಂದ ಕನಿಷ್ಠ ನಾಲ್ಕು ಹೆಜ್ಜೆ ಒಳಗೆ ಇರಲಿ. ಕುಳಿಯ ಸುತ್ತ ಮೂರು ಅಡಿ ನೆಲ ಸಾಕಷ್ಟು ಸಮವಾಗಿರಲಿ. ಬೆಳಗಿನ ಇಬ್ಬನಿಯಲ್ಲಿ ನಾಲ್ಕು ದಿಕ್ಕಿನಿಂದ ಚೆಂಡು ಉರುಳಿಸಿ, ಇಬ್ಬನಿಯ ಮೇಲೆ ಅದರ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಕುಳಿ ದಾಟಿದ ಚೆಂಡು ಎರಡು ಅಡಿಯೊಳಗೆ ನಿಲ್ಲದಿದ್ದರೆ ಅಲ್ಲಿ ಕೊರೆಯಬೇಡಿ, ಮಧ್ಯಾಹ್ನದ ಬಿಸಿಲಿಗೆ ಅದು ಇನ್ನೂ ವೇಗವಾಗುತ್ತದೆ. ದಿನಕ್ಕೆ ಆರು ಪಿನ್ ಎಡಕ್ಕೆ, ಆರು ಬಲಕ್ಕೆ, ಆರು ನಡುವೆ ಎಂಬಂತೆ ಹಂಚಿದರೆ ಒಂದೇ ಬಗೆಯ ಹೊಡೆತ ಬಲ್ಲವರಿಗೆ ಲಾಭವಾಗದು. ಟೀಗಳನ್ನು ದಿನದಿನ ಬದಲಿಸಿ. ಒಂದು ಚಿಕ್ಕ ಪಾರ್ ನಾಲ್ಕನ್ನು ಒಂದು ದಿನವಾದರೂ 240 ಗಜಕ್ಕೆ ತನ್ನಿ. ಉದ್ದ ಹೊಡೆಯುವವಳಿಗೆ ಗ್ರೀನ್ ಕೈಗೆಟುಕುವಂತೆ ಕಾಣಲಿ, ತಪ್ಪಿದರೆ ಬಂಕರ್ ಕಾದಿರಲಿ. ಮಾರನೆಯ ದಿನ ಇನ್ನೊಂದನ್ನು ಉದ್ದವಾಗಿಸಿ, ಆದರೆ ಗ್ರೀನ್ ಮುಂಭಾಗ ತೆರೆದಿರುವ ಹೋಲ್‌ನಲ್ಲಿ ಮಾತ್ರ, ಆಗ ಉರುಳಿಸಿ ತಲುಪುವವಳಿಗೂ ದಾರಿ ಇರುತ್ತದೆ.

ಇವಿಷ್ಟನ್ನೂ ಮಾಡಿದರೂ ನಿಮ್ಮ ಮಗಳು ಗೆಲ್ಲುತ್ತಾಳೆ ಎಂದು ನಾನು ಹೇಳುವುದಿಲ್ಲ. ನೀವೂ ಅದಕ್ಕಾಗಿ ಅಂಗಳ ಸಿದ್ಧಪಡಿಸಬೇಡಿ. ತಂದೆಯಾಗಿ ಸಮಿತಿಯಲ್ಲಿರುವವರು ಪಿನ್ ಇಡುವ ದಿನ ದೂರ ನಿಲ್ಲುವುದೇ ಲೇಸು.

ಅವಳಿಗೆ ಏನು ಹೇಳಬೇಕೆಂದು ಕೇಳಿದ್ದೀರಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಸುಮಿಗಸೆಕಿ ಅಂಗಳದಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಆಡಿದ್ದನ್ನು ಅವಳ ಜೊತೆ ಕುಳಿತು ಮತ್ತೆ ನೋಡಿ. ಡ್ರೈವ್ ದೂರದಲ್ಲಿ ಅದಿತಿ ಪಟ್ಟಿಯ ತಳದಲ್ಲಿದ್ದವರು. ಚಿನ್ನ ಗೆದ್ದ ನೆಲ್ಲಿ ಕೋರ್ಡಾ ಅವರಿಗಿಂತ ಎಷ್ಟೋ ಹಿಂದಿನಿಂದ ಎರಡನೇ ಹೊಡೆತ ಆಡುತ್ತಿದ್ದರು. ಪಾರ್‌ಗಿಂತ 15 ಕಡಿಮೆ, ಒಂದೇ ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೆಯವರಾದರು. ಎಲ್ಲರೂ ಅವರ ಪಟ್ ನೆನಪಿಟ್ಟುಕೊಂಡಿದ್ದಾರೆ. ನೀವು ನೋಡಬೇಕಾದದ್ದು, ಇತರರು ಚಿಕ್ಕ ಐರನ್ ಹಿಡಿದಲ್ಲಿ ಅವರು ಉದ್ದದ ಕೋಲು ಹಿಡಿದು ಚೆಂಡನ್ನು ಎಲ್ಲಿ ನಿಲ್ಲಿಸುತ್ತಿದ್ದರು ಎಂಬುದನ್ನು.

ಮಗಳಿಗೆ ಮೂವತ್ತು ಗಜ ಹೆಚ್ಚು ಬೇಕೇ? ಹತ್ತು ಗಜ ಹೆಚ್ಚಿದರೂ ಒಳ್ಳೆಯದೇ. ಆದರೆ ಹದಿನಾರರ ಬೆನ್ನು ಇನ್ನೂ ಬೆಳೆಯುತ್ತಿರುವ ಬೆನ್ನು. ಬಲ ಹೆಚ್ಚಿಸುವ ವ್ಯಾಯಾಮ ಬಲ್ಲವರ ಕಣ್ಣೆದುರು ಮಾತ್ರ ನಡೆಯಲಿ, ಸ್ವಿಂಗ್ ಅನ್ನು ಬುಡಸಮೇತ ಬದಲಿಸುವವರ ಕೈಗೆ ಕೊಡಬೇಡಿ. ಅಭ್ಯಾಸದ ಹೆಚ್ಚು ಹೊತ್ತು 130ರಿಂದ 160 ಗಜಕ್ಕೆ ಹೋಗಲಿ, ಅವಳ ಎರಡನೇ ಹೊಡೆತಗಳು ಬರುವುದೇ ಅಲ್ಲಿಂದ. ಒಂದೇ ಗುರಿಗೆ ಐದು ಚೆಂಡು ಎತ್ತರಕ್ಕೆ, ಐದು ತಗ್ಗಿಸಿ ಹೊಡೆಯಲಿ. ಪ್ರತಿಯೊಂದೂ ಬಿದ್ದ ಮೇಲೆ ಎಷ್ಟು ಹೆಜ್ಜೆ ಉರುಳಿತು ಎಂದು ನೀವು ಆ ತುದಿಯಲ್ಲಿ ನಿಂತು ಎಣಿಸಿ ಬರೆದುಕೊಳ್ಳಿ. ಆ ಪುಸ್ತಕ ಮುಂದಿನ ಪಂದ್ಯಕ್ಕೆ ಅವಳ ಚೀಲದಲ್ಲಿರಲಿ.